ಬೈಟು ಕಾಫಿಗೆ ಭಟ್ಟರ ಒಪ್ಪಿಗೆ

ತುಮಕೂರಿನ ಒಂದು ಹೋಟೆಲಿನಲ್ಲಿ ಒಬ್ಬ ಸಪ್ಲೈಯರ್ ಇದ್ದ. ಅವನ ಕೈ ಕಾಫಿ ಕೊಡುತ್ತಿತ್ತು, ಮನಸ್ಸು ವಿಡಿಯೋ ಗೇಮಿನ ನೀಲಿ ಸಮುದ್ರದಲ್ಲಿ ದೋಣಿ ನಡೆಸುತ್ತಿತ್ತು. ಆ ಗೇಮಿನ ಡಿಸ್ಕು ಗೆಳೆಯ ಇಮ್ತಿಯಾಜನದು. ಒಂದು ವಾರ ಅವನ ಮನೆಯಲ್ಲಿ, ಒಂದು ವಾರ ಇವನ ಮನೆಯಲ್ಲಿ.

ಒಂದು ಮಧ್ಯಾಹ್ನ ಗೇಮ್ ಕಂಪನಿಯ ಮ್ಯಾನೇಜರು ಆ ಹೋಟೆಲಿಗೆ ಬಂದ. ಗೇಮ್ ಅಂಗಡಿಯ ನಾಗಭೂಷಣರನ್ನು ಎದುರು ಕೂರಿಸಿಕೊಂಡು ಗತ್ತಿನಿಂದ ಹೇಳಿದ: "ಗೇಮ್ ಆಡೋಕೆ ನಾವು ತರ್ತಿರೋ ಹೊಸ ಕನ್ಸೋಲ್‌ನಲ್ಲಿ ಡಿಸ್ಕು ಕೊಂಡವನು ಮಾತ್ರ ಆಡಬೇಕು, ಬೇರೆಯವರಿಗೆ ಕೊಡಂಗಿಲ್ಲ. ಅವನೂ ದಿನಾ ನೆಟ್‌ನಲ್ಲಿ ನಮ್ಮ ಒಪ್ಪಿಗೆ ಪಡೀಬೇಕು. ದಿನಾ ಗಿರಾಕಿಗಳನ್ನ ನೋಡೋರು ನೀವು, ಜನಕ್ಕೆ ಇದರಿಂದ ತೊಂದರೆಯಿಲ್ಲ ಅಂತ ಈ ವರದಿಗೆ ಸಹಿ ಹಾಕಿ. ಏಯ್, ಒಂದು ಬೈಟು ಕಾಫಿ!"

ಸಪ್ಲೈಯರನ ಸಮುದ್ರ ಅಲ್ಲೇ ಬತ್ತಿಹೋಯಿತು.

ಅವನು ಒಂದು ತುಂಬಿದ ಲೋಟ, ಒಂದು ಖಾಲಿ ಲೋಟ ತಂದಿಟ್ಟ. ನಾಗಭೂಷಣರು ಕೈಚಾಚಿದರು.

"ನೀವು ಮುಟ್ಟಬೇಡಿ ಸಾರ್. ಕಾಫಿ ಹೇಳಿದ್ದು ಇವರು, ಇವರೊಬ್ಬರೇ ಕುಡೀಬೇಕು."

ಮ್ಯಾನೇಜರು ನಕ್ಕು ಲೋಟಕ್ಕೆ ಕೈಹಾಕಿದ.

"ನೀವೂ ತಡೀರಿ ಸಾರ್. ಅಡುಗೆ ಭಟ್ರು ಒಪ್ಪಿಗೆ ಕೊಡಬೇಕು. ಊಟ ಮಾಡಿ ಮಲಗಿದ್ದಾರೆ."

"ನನ್ನ ಕಾಫಿ ನಾನು ಕುಡಿಯೋಕೆ ಅವರ ಒಪ್ಪಿಗೆ ಯಾಕಯ್ಯ?"

ನಾಗಭೂಷಣರು ಪೆನ್ನಿನ ಮುಚ್ಚಳ ಹಾಕಿದರು. "ಈಗ ಹೇಳಿದಿರಲ್ಲ, ಅದನ್ನೇ ವರದೀಲಿ ಬರೀರಿ ಸ್ವಾಮಿ. ಸಹಿ ಹಾಕ್ತೀನಿ."

ಹಬೆ ಮೆಲ್ಲಗೆ ಮೇಲೇರುತ್ತಿತ್ತು. ಮ್ಯಾನೇಜರು ವರದಿಯನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ಅರ್ಧ ಕಾಫಿಯನ್ನು ತಾನೇ ಖಾಲಿ ಲೋಟಕ್ಕೆ ಬಗ್ಗಿಸಿದ.

ಸಪ್ಲೈಯರನ ದೋಣಿ ಮತ್ತೆ ನೀರಿಗಿಳಿಯಿತು.