ಹೊಸ ಕೊರಡಿಗೆ ಬಿಳಿ ಲೋಳೆ ಬಂದದ್ದು

ಬೆಟ್ಟಗಳಿನ್ನೂ ಮೆತ್ತಗಿದ್ದ ಕಾಲ. ಆಕಾಶಕ್ಕೆ ಬಳಿದ ನೀಲಿ ಇನ್ನೂ ಒಣಗಿರಲಿಲ್ಲ. ಆಗ ಹೊಳೆ ಚಿಕ್ಕ ಹುಡುಗಿ. ಹರಿಯುವುದನ್ನು ಆಗಷ್ಟೇ ಕಲಿತಿದ್ದಳು, ನಿಲ್ಲುವುದನ್ನು ಕಲಿತಿರಲಿಲ್ಲ.

ಅವಳ ದಡದಲ್ಲಿ ಒಂದು ಹೊಳೆಮತ್ತಿ ಮರವಿತ್ತು. ಹೊಳೆ ಆ ಮರವನ್ನು ಅಕ್ಕ ಎನ್ನುತ್ತಿದ್ದಳು. ಬಿಸಿಲೇರಿದರೆ ಅಕ್ಕ ನೆರಳು ಚಾಚುವಳು. ದಡದ ಮಣ್ಣು ಜಾರಿದರೆ ಅಕ್ಕ ಬೇರಿನಿಂದ ಹಿಡಿದುಕೊಳ್ಳುವಳು. ಸಂಜೆಗೆ ಇಬ್ಬರೂ ಹರಟುತ್ತ ಕೂರುವರು. ಅಂದರೆ ಅಕ್ಕ ನಿಂತೇ ಇರುವಳು, ತಂಗಿ ಹರಿಯುತ್ತಲೇ ಇರುವಳು, ಮಾತು ಮಾತ್ರ ಇಬ್ಬರ ನಡುವೆ ಕೂತಿರುವುದು.

ಹೀಗಿರುವಾಗ ಲೋಕಕ್ಕೆ ಮೊದಲ ಮುಂಗಾರು ಬಂತು. ಬೆಟ್ಟದ ನೀರೆಲ್ಲ ಇಳಿದು ಹೊಳೆಯ ಮಡಿಲು ಸೇರಿತು. ಹೊಳೆ ಉಬ್ಬಿದಳು, ಕೆಂಪಾದಳು, ಕುಣಿದಳು.

"ಅಕ್ಕಾ, ದಡದಾಚೆ ಏನಿದೆಯೋ ನೋಡಿಬರ್ತೀನಿ. ಸ್ವಲ್ಪ ಸರಿ!"

"ಬೇಡ ತಂಗಿ. ಆಚೆ ಮೊಲದ ಮರಿಗಳು ಬಿಲದಲ್ಲಿ ಮಲಗಿವೆ. ಇರುವೆಗಳು ಈಗ ತಾನೇ ಮನೆ ಕಟ್ಟಿವೆ. ಮಳೆ ನಿಲ್ಲಲಿ, ಅಲ್ಲಿಯವರೆಗೆ ನನ್ನ ಬೇರು ಹಿಡಿದುಕೊಂಡಿರು."

ಹೊಳೆಗೆ ಸಿಟ್ಟು ಬಂತು.

"ಹುಟ್ಟಿದಲ್ಲೇ ನಿಂತವಳು ನೀನು! ಹೋಗುವವರ ಆಸೆ ನಿನಗೇನು ಗೊತ್ತು?"

ಅಕ್ಕ ಸರಿಯಲಿಲ್ಲ. ಹೊಳೆ ಒಮ್ಮೆ ನೂಕಿದಳು. ಮತ್ತೆ ನೂಕಿದಳು. ಇನ್ನೂ ಜೋರಾಗಿ ನೂಕಿದಳು. ಬುಡದ ಮಣ್ಣು ಕರಗಿತು, ಬೇರುಗಳು ಪಟಪಟನೆ ಹರಿದವು, ಅಕ್ಕ ದೊಪ್ಪೆಂದು ತಂಗಿಯ ಮಡಿಲಿಗೇ ಬಿದ್ದಳು.

ಕುಣಿತದ ಭರದಲ್ಲಿ ಹೊಳೆಗೆ ಅದು ತಿಳಿಯಲೂ ಇಲ್ಲ. ಅಕ್ಕನನ್ನು ಬಂಡೆಯಿಂದ ಬಂಡೆಗೆ ಎಳೆದುಕೊಂಡೇ ಓಡಿದಳು.

ಮಳೆ ನಿಂತಿತು. ನೀರು ಇಳಿಯಿತು, ತಿಳಿಯಾಯಿತು. ಆಗ ಹೊಳೆ ನೋಡುತ್ತಾಳೆ, ಮಡುವಿನ ತಳದಲ್ಲಿ ಅಕ್ಕ ಮಲಗಿದ್ದಾಳೆ. ಎಲೆಯಿಲ್ಲ, ತೊಗಟೆಯಿಲ್ಲ. ಮೈಯೆಲ್ಲ ತರಚಿದೆ.

"ಅಕ್ಕಾ, ಏಳು."

ಅಕ್ಕ ಏಳಲಿಲ್ಲ. ಹೊಳೆ ಕೆಳಗಿನಿಂದ ಎತ್ತಿ ನಿಲ್ಲಿಸಲು ನೋಡಿದಳು. ಎತ್ತಿದಷ್ಟೂ ಸಲ ಅಕ್ಕ ಹೊರಳಿ ಬಿದ್ದಳು.

"ಅಕ್ಕಾ, ಸಿಟ್ಟೇನೇ? ಒಂದು ಮಾತಾಡು."

ಅಕ್ಕ ಮಾತಾಡಲಿಲ್ಲ. ಆದರೆ ಅವಳ ಗಾಯದಿಂದ ಏನೋ ಒಸರುತ್ತಿತ್ತು. ಹೊಳೆ ನಾಲಗೆಗೆ ತಾಗಿಸಿಕೊಂಡಳು. ಸಿಹಿ! ಮುಂದಿನ ಚೈತ್ರದ ಚಿಗುರಿಗೆಂದು ಅಕ್ಕ ಒಳಗೆ ಕೂಡಿಟ್ಟಿದ್ದ ಸಿಹಿ. ಇನ್ನು ಯಾವ ಚಿಗುರಿಗೂ ಬೇಡವಾದ ಸಿಹಿ.

ಹೊಳೆ ಬಿಕ್ಕಿಬಿಕ್ಕಿ ಅತ್ತಳು. ನೀರಿನ ಅಳು ನೀರಿನಲ್ಲೇ ಕರಗುತ್ತದೆ, ಯಾರಿಗೂ ಕಾಣುವುದಿಲ್ಲ. ಆಮೇಲೆ ತನ್ನಲ್ಲಿದ್ದ ಮೆತ್ತನೆಯದನ್ನೆಲ್ಲ ಒಟ್ಟುಮಾಡಿ, ಹಾಲಿನ ಕೆನೆಯಂತೆ ಬೆಳ್ಳಗೆ, ಅಕ್ಕನ ಗಾಯಗಳ ಮೇಲೆ ಹಚ್ಚಿದಳು.

ಮೀನುಗಳು ಬಂದು ಮೂಸಿದವು.

"ಛೀ, ಲೋಳೆ! ಮುಟ್ಟಿದರೆ ಜಾರುತ್ತೆ."

ಹೊಳೆಗೆ ನಾಚಿಕೆಯಾಯಿತು. ಮಾಡಿದ್ದಕ್ಕೆ ಮದ್ದು ಹಚ್ಚಿದರೆ ಅದೂ ಹೊಲಸಾಯಿತೇ ಎಂದುಕೊಂಡಳು. ಮರಳಿನಿಂದ ಗಸಗಸ ಉಜ್ಜಿ ತೊಳೆದಳು. ಬೆಳಗಾಗುವಷ್ಟರಲ್ಲಿ ಲೋಳೆ ಮತ್ತೆ ಕಟ್ಟಿತ್ತು. ಮತ್ತೆ ತೊಳೆದಳು. ಮತ್ತೆ ಕಟ್ಟಿತು.

ಬಂಡೆಯ ಸಂದಿನಲ್ಲಿ ಒಬ್ಬಳು ಮುದುಕಿ ಬಸವನಹುಳು ಇದ್ದಳು. ಅವಳು ಇದನ್ನೆಲ್ಲ ನೋಡಿ ಮೆಲ್ಲಗೆ ತೆವಳುತ್ತ ಬಂದಳು.

"ಎಷ್ಟಂತ ಉಜ್ಜುತ್ತೀಯೇ ತಾಯಿ? ಒಳಗಿನ ಸಿಹಿ ಮುಗಿಯುವ ತನಕ ಇದು ಬರುತ್ತಲೇ ಇರುತ್ತೆ. ಬರಲಿ ಬಿಡು. ನೀನು ಹೊಸ ನೀರು ಹಾಯಿಸುತ್ತಿರು, ನಾನು ನೆಕ್ಕುತ್ತಿರುತ್ತೇನೆ."

"ಅವ್ವಾ, ಮುಗಿದ ಮೇಲೆ ಅಕ್ಕ ಏಳುತ್ತಾಳಾ?"

ಬಸವನಹುಳು ಕೊಂಬು ಒಳಗೆಳೆದುಕೊಂಡಳು.

"ಇಲ್ಲಮ್ಮ. ಬಿದ್ದ ಮರ ಏಳುವುದಿಲ್ಲ."

ಹೊಳೆ ದಿನವೂ ಹೊಸ ನೀರು ಹಾಯಿಸಿದಳು. ಬಸವನಹುಳು ದಿನವೂ ನೆಕ್ಕಿದಳು. ಛೀ ಎಂದಿದ್ದ ಮೀನುಗಳೂ ನಾಚುತ್ತ ಬಂದು ರುಚಿ ನೋಡಿದವು. ಲೋಳೆ ತೆಳುವಾಯಿತು, ಇನ್ನೂ ತೆಳುವಾಯಿತು. ಒಂದು ದಿನ ಬರಲೇ ಇಲ್ಲ.

ಅಕ್ಕನ ಮೈ ಈಗ ಕಪ್ಪಗೆ, ಗಟ್ಟಿಯಾಗಿ, ನುಣುಪಾಗಿತ್ತು. ಅವಳ ಅಡಿಯಲ್ಲಿ ಮೀನುಗಳು ಮೊಟ್ಟೆಯಿಟ್ಟವು, ಮರಿಗಳು ಹಿಂಡುಹಿಂಡಾಗಿ ಅವಳ ಕೊಂಬೆಗಳ ಸುತ್ತ ಆಡಿದವು. ಅದನ್ನು ನೋಡಿ ಹೊಳೆಗೆ ಒಂದಿಷ್ಟು ಸಮಾಧಾನವಾಯಿತು. ಪೂರ್ತಿ ಆಗಲಿಲ್ಲ. ಅವಳು ದೊಡ್ಡವಳಾದಳು, ಕಡಲನ್ನೂ ಕಂಡಳು, ಆದರೆ ಅಲ್ಲಿ ಏನು ಕಂಡೆ ಎಂದು ಹೇಳಲು ದಡದಲ್ಲಿ ಯಾರೂ ಇರಲಿಲ್ಲ.

ಈಗಲೂ ಅಷ್ಟೇ, ಪುಟ್ಟಾ. ನಿಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಮೀನುಗಳ ನಡುವೆ ಹೊಸ ಕೊರಡು ಇಟ್ಟಾಗ ಅದರ ಮೈಮೇಲೆ ಬೆಳ್ಳಗೆ ಲೋಳೆ ಕಟ್ಟಿದರೆ ಛೀ ಅನ್ನಬೇಡ, ಕೊರಡನ್ನು ಎಸೆಯಲೂ ಬೇಡ. ಆಗಾಗ ನೀರು ಬದಲಿಸು, ಬಸವನಹುಳುವಿಗೆ ಅದರ ಕೆಲಸ ಮಾಡಲು ಬಿಡು, ಏಕೆಂದರೆ ಮರದೊಳಗಿನ ಸಿಹಿ ಮುಗಿಯುವ ತನಕ ನೀರು ಅದರ ಗಾಯಕ್ಕೆ ಮದ್ದು ಹಚ್ಚುತ್ತಲೇ ಇರುತ್ತದೆ.