ಮೂರು ಪಾಲಾದ ನಗಾರಿ

"ಗುರುಗಳೇ, ಆ ಬೆಟ್ಟದ ನಾಡಿನವರು ಗೆದ್ದ ದಿನ ಬಿಟ್ಟು ಸೋತ ದಿನ ಹೋಳಿಗೆ ಮಾಡುತ್ತಾರಲ್ಲ, ಅವರಿಗೇನು ತಲೆ ಕೆಟ್ಟಿದೆಯೇ?" ಎಂದು ಶಿಷ್ಯ ಕೇಳಿದ.

"ಮೊದಲು ಕೆಟ್ಟಿತ್ತು, ಆಮೇಲೆ ಸರಿಹೋಯಿತು. ಕೇಳು," ಎಂದು ಗುರುಗಳು ನಕ್ಕು ಹೇಳತೊಡಗಿದರು.

ಚಕ್ರವರ್ತಿಗೆ ಇನ್ನು ಕಪ್ಪ ಕೊಡುವುದಿಲ್ಲವೆಂದು ಮೂರು ಊರುಗಳು ಸೇರಿ ಒಂದು ನಾಡಾದವು. ವರ್ಷ ತುಂಬುವ ಮೊದಲೇ ಚಕ್ರವರ್ತಿಯ ಸೇನೆ ಹೊಳೆ ದಾಟಿ ಬಂತು. ಒಬ್ಬ ರೈತ ತನ್ನ ಎಮ್ಮೆಗಳನ್ನು ಹೊಳೆಗೆ ನುಗ್ಗಿಸಿದ. ಕುದುರೆಗಳು ಬೆದರಿದವು. ಉಳಿದವರು ಕವಣೆ ಬೀಸಿದರು. ಅಷ್ಟು ದೊಡ್ಡ ಸೇನೆ ತನ್ನ ನಗಾರಿಯನ್ನೂ ಬಿಟ್ಟು ಓಡಿತು.

ಎಂಥ ನಗಾರಿ ಅಂತೀಯಾ! ಒಮ್ಮೆ ಬಾರಿಸಿದರೆ ಮೂರೂ ಊರಿಗೆ ಕೇಳಿಸುತ್ತಿತ್ತು. ಆದರೆ ಗೆದ್ದವರು ಸುಮ್ಮನಿರುತ್ತಾರೆಯೇ? "ನನ್ನ ಎಮ್ಮೆ ಇಲ್ಲದಿದ್ದರೆ ಗೆಲ್ಲುತ್ತಿದ್ದಿರೇನು?" ಎಂದು ರೈತ ಮೀಸೆ ತಿರುವಿದ. ಕವಣೆಯವರು ಮೈಮೇಲೆ ಬಂದರು. ಜಗಳ ಬಗೆಹರಿಯದೆ ಕಡೆಗೆ ನಗಾರಿಯನ್ನೇ ಬಿಚ್ಚಿ ಪಾಲು ಮಾಡಿಕೊಂಡರು. ಚರ್ಮ ಒಂದು ಊರಿಗೆ, ಕೋಲು ಹೊಳೆದಂಡೆಯ ಊರಿಗೆ, ತಾಮ್ರದ ಹಂಡೆ ರೈತನ ಊರಿಗೆ. ರೈತ ಅದರಲ್ಲಿ ಎಮ್ಮೆಗೆ ಕಲಗಚ್ಚು ಇಟ್ಟು, ಬಂದವರಿಗೆಲ್ಲ ತೋರಿಸಿ ಹಿಗ್ಗಿದ.

ಸುಗ್ಗಿಯ ಹೊತ್ತಿಗೆ ಸೇನೆ ಮತ್ತೆ ಬಂತು. ಹೊಳೆದಂಡೆಯ ಕಾವಲಿನವನು ಕಂಡ. ಪಾಪ, ಕೈಯಲ್ಲಿ ಬರೀ ಕೋಲು, ಬಾರಿಸುವುದು ಏನನ್ನು? ಸುದ್ದಿ ಮುಟ್ಟುವಷ್ಟರಲ್ಲಿ ಮನೆಗಳಿಗೆ ಬೆಂಕಿ ಬಿದ್ದು ಊರು ಕೈತಪ್ಪಿತ್ತು.

ರೈತ ತನ್ನ ಒಬ್ಬಳೇ ಮಗಳು ಹೊನ್ನವ್ವನನ್ನು ಆ ಊರಿಗೇ ಕೊಟ್ಟಿದ್ದ. ಸುದ್ದಿ ಕೇಳಿದವನೇ ಬರಿಗಾಲಲ್ಲಿ ಓಡಿದ. ನಡುದಾರಿಯಲ್ಲಿ ಮಗಳು ಎದುರಾದಳು. ಕಂಕುಳಲ್ಲಿ ಕೂಸು, ಮೈಯೆಲ್ಲ ಮಸಿ.

"ಅಪ್ಪಾ, ನಗಾರಿ ಯಾಕೆ ಬಾರಿಸಲಿಲ್ಲ?"

ರೈತನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. "ಅದರಲ್ಲಿ ಎಮ್ಮೆ ಕಲಗಚ್ಚು ಕುಡಿಯುತ್ತಿದೆ, ಮಗಳೇ," ಎಂದ. ಅಳುತ್ತಿದ್ದವಳು ಅವನ ಮುಖ ನೋಡಿ ನಕ್ಕೇಬಿಟ್ಟಳು. ಅತ್ತವನು ರೈತ.

ಅಂದೇ ಅವನು ಹಂಡೆ ತೊಳೆದು ಎಮ್ಮೆಯ ಮೇಲೆ ಹೇರಿಕೊಂಡು ಹೊರಟ. ಆ ಕಡೆಯಿಂದ ಚರ್ಮದ ಊರಿನವರೂ ಬರುತ್ತಿದ್ದರು, ಅದರ ಮೇಲೆ ಒಣಗಿಸಿದ್ದ ಮೆಣಸಿನಕಾಯಿ ಕೊಡವಿಕೊಂಡು. ಹೊನ್ನವ್ವನ ಗಂಡ ಬೆಂಕಿಯಿಂದ ಎಳೆದುಕೊಂಡ ಕೋಲು ತಂದ. ಬೈಯಬೇಕೆಂದು ಬಾಯಿ ತೆರೆದವರೆಲ್ಲ ಚರ್ಮದ ಘಾಟಿಗೆ ಸೀನಿದರು. ಸೀನಿ ಸೀನಿ ನಕ್ಕರು. ಮನೆ ಸುಟ್ಟುಹೋದವರನ್ನು ಉಳಿದೆರಡು ಊರಿನವರು ಕೈಹಿಡಿದು ಕರೆದೊಯ್ದು ಉಣ್ಣಲಿಕ್ಕಿದರು.

ಮರುದಿನ ನಗಾರಿ ಮೊಳಗಿತು. ಮೂರೂ ಊರಿನವರು ಒಟ್ಟಿಗೆ ಬೆಟ್ಟ ಇಳಿದು ಸೇನೆಯನ್ನು ಹೊಳೆಯಾಚೆ ಅಟ್ಟಿದರು. ಹೊನ್ನವ್ವ ತನ್ನ ಊರಿಗೆ ಮರಳಿದಳು.

"ಹಾಗಾದರೆ ಊರು ಮರಳಿ ಸಿಕ್ಕ ದಿನವೇ ಹಬ್ಬ ಮಾಡಬಹುದಿತ್ತಲ್ಲ, ಗುರುಗಳೇ?" ಎಂದ ಶಿಷ್ಯ.

"ಗೆದ್ದಾಗ ಅವರಿಗೆ ನಗಾರಿ ಸಿಕ್ಕಿತು ಮಗು, ಒಬ್ಬರಿಗೊಬ್ಬರು ಸಿಕ್ಕಿದ್ದು ಸೋತಾಗ."