ಈಶಾನ್ಯ ಮೂಲೆಯ ನಲ್ಲಿ

ಮೆಣಸಿನಕಾಯಿ ವ್ಯಾಪಾರಿ ಗುರುಬಸಪ್ಪ ಸಾಹುಕಾರರಿಗೆ ವಾಸ್ತುವೆಂದರೆ ಪ್ರಾಣ. ಒಂದು ದಿನ ಗುಮಾಸ್ತನನ್ನು ಕರೆದು ಗುಡುಗಿದರು.

“ಸೋಮವಾರದಿಂದ ಹಿತ್ತಲ ಗೋದಾಮಿನಲ್ಲೇ ಕಂಪ್ಯೂಟರ್ ಬಿಲ್ ಆಗಬೇಕು. ಮನೆಯಿಂದ ಕರೆಂಟು, ಇಂಟರ್ನೆಟ್ಟು ಎರಡೂ ಅಲ್ಲಿಗೆ ಹೋಗಬೇಕು. ವಯರು ಮೇಲೆ ಎಳೆದರೆ ಲಾರಿಯ ಚೀಲಕ್ಕೆ ಸಿಕ್ಕಿಕೊಳ್ತದೆ. ನೆಲ ಅಗೆಯೋ ಹಾಗಿಲ್ಲ, ಅದು ಈಶಾನ್ಯ ಮೂಲೆ. ಆಗಲಿಲ್ಲವೋ, ಬೇರೆ ಕೆಲಸ ನೋಡ್ಕೋ!”

ಮೇಲೂ ಬೇಡ, ಕೆಳಗೂ ಬೇಡ. ಗುಮಾಸ್ತನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಮರುದಿನ ತಲೆ ಕೆರೆಯುತ್ತ ಬಂದು ನಿಂತ.

“ಸಾಹುಕಾರ್ರೇ, ವಯರಿನ ಮಾತು ಆಮೇಲೆ. ಗೋದಾಮಿನ ಹಮಾಲರಿಗೆ ಕುಡಿಯೋಕೆ ನೀರಿಲ್ಲ. ಒಂದು ನಲ್ಲಿ ಎಳೆಸಲೇ?”

ಸಾಹುಕಾರರ ಮುಖ ಅರಳಿತು. “ಈಶಾನ್ಯದಲ್ಲಿ ನೀರು! ಅಲ್ಲಿ ನೆಲ ಅಗೆಯೋದಿದ್ದರೆ ಅದಕ್ಕೇ ಅಗೀಬೇಕು!” ತಾವೇ ಕಾಯಿ ಒಡೆದು, ತಾವೇ ಮೊದಲ ಗುದ್ದಲಿ ಹಾಕಿದರು.

ಸಂಜೆ ಬಂದು ನೋಡುತ್ತಾರೆ, ಅಗೆದ ಕಾಲುವೆಯೊಳಗೆ ಬಿಡಿಬಿಡಿಯಾಗಿ ಮೂರು ಪೈಪು ಮಲಗಿವೆ.

“ನೀರಿಗೆ ಒಂದು ಸಾಕಲ್ಲ. ಇವೆರಡು ಏನು?”

“ಒಂದು ಕರೆಂಟಿಗೆ, ಒಂದು ಇಂಟರ್ನೆಟ್ಟಿಗೆ. ನೆಲ ಅಗೆದದ್ದು ಮಾತ್ರ ನೀರಿಗೇ ಸಾಹುಕಾರ್ರೇ, ಅದೂ ನಿಮ್ಮ ಕೈಯಿಂದಲೇ ಶುರುವಾಗಿ. ವಯರಿಗೆ ಅಂತ ಒಂದು ಹಿಡಿ ಮಣ್ಣೂ ತೆಗೆದಿಲ್ಲ.”

ಸಾಹುಕಾರರು ಕಣ್ಣು ಕೆಂಪಗೆ ಮಾಡಿ ಬಾಯಿ ತೆರೆದರು. ತಾವೇ ಒಡೆದ ಕಾಯಿಯ ಚಿಪ್ಪು ಅಲ್ಲೇ ಬಿದ್ದಿತ್ತು. ಅದನ್ನು ನೋಡಿ ಬಾಯಿ ಮುಚ್ಚಿದರು. ಗುಮಾಸ್ತನ ಹತ್ತಿರ ಬಂದು, ಹಮಾಲರಿಗೆ ಕೇಳದ ಹಾಗೆ ಹೇಳಿದರು:

“ಹಾಗೇ ನನ್ನ ಮಲಗೋ ಕೋಣೆಗೂ ಒಂದು ನಲ್ಲಿ ಎಳೆಸಿಬಿಡಪ್ಪ. ಅಲ್ಲೂ ಇಂಟರ್ನೆಟ್ಟು ಸಿಗೋದಿಲ್ಲ.”

ಅವತ್ತು ಗುಮಾಸ್ತ ಕೇಳಿ ಕೇಳಿ ಹಾಕಿಸಿಕೊಂಡು ಉಂಡ.